ಉಣ್ಣದೆ ಬಂದ ಮನೆ

ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಇಳಿದು ನಿಂತ ಮೇಲೆಯೇ ಚಂದ್ರಶೇಖರಪ್ಪನಿಗೆ ತನ್ನ ಹಸಿವೆ ತಿಳಿದದ್ದು. ಬಡಿಸಿಟ್ಟ ತಾಟಿನ ಮುಂದಿನಿಂದ ಎದ್ದು ಬಂದವನ ಹಸಿವೆ ಬೇರೆ ಹಸಿವೆಗಳ ಹಾಗಲ್ಲ. ಅದಕ್ಕೊಂದು ಗತ್ತು ಇರುತ್ತದೆ, ಮತ್ತು ಆ ಗತ್ತೇ ಧಾರವಾಡ ಬಿಟ್ಟಾಗಿನಿಂದ ಕಲಘಟಗಿ ದಾಟುವವರೆಗೆ ಅವನ ಹೊಟ್ಟೆಯನ್ನು ತುಂಬಿಸಿತ್ತು. ಈಗ ತೇಗದ ಕಾಡಿನ ಧೂಳು ಕೋಟಿನ ತೋಳಿನ ಮೇಲೆ, ಮೂಗಿನಲ್ಲಿ, ನಾಲಿಗೆಯ ಮೇಲೂ. ಶಿರಸಿ ಬಸ್ಸು ಇನ್ನೂ ಬಂದಿರಲಿಲ್ಲ. ಅಕ್ಕ ಕಲ್ಲವ್ವ ಆಗಲೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಬುತ್ತಿಯ ಗಂಟು ಬಿಚ್ಚಿ, ಒಣಗಿದ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚುತ್ತಿದ್ದಳು.

“ತಿನ್ನೋ ತಮ್ಮಾ. ಅಲ್ಲಿ ಉಣ್ಣೂ ಹಂಗಿರಲಿಲ್ಲ ಖರೆ. ಯಲ್ಲಾಪುರದ ಜೋಡಿ ನಮ್ದೇನು ಬೀಗತನ ನಡದಿಲ್ಲಲ್ಲ?”

ಅವನು ರೊಟ್ಟಿಯ ಚೂರನ್ನು ತೆಗೆದುಕೊಂಡ, ಆದರೆ ಬಾಯಿಗೆ ಹಾಕಲಿಲ್ಲ. ಬೀಗತನ ಎಂಬ ಮಾತನ್ನು ಅಕ್ಕ ತಮಾಷೆಗೆ ಅಂದಿದ್ದರೂ ನಿನ್ನೆಯಿಂದ ಇವರಿಬ್ಬರೂ ನಡೆದುಕೊಂಡದ್ದು ಹಾಗೆಯೇ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಹೋದವರು ಆ ಮನೆಯಲ್ಲಿ ಉಣ್ಣುವುದಿಲ್ಲ. ಉಂಡರೆ ಮಾತು ಕೊಟ್ಟ ಹಾಗೆ. ನೀರು ಕುಡಿಯಬಹುದು, ಎಲೆ ಅಡಿಕೆ ಹಾಕಿಕೊಳ್ಳಬಹುದು. ಊಟವೇನಿದ್ದರೂ ತಿರುಗಿ ಊರಿಗೆ ಬಂದು ಮನೆಯವರೊಡನೆ ಕೂತು ಮಾತಾಡಿ ಹೂಂ ಅಂದ ಮೇಲೆ. ಅವನ ಅಪ್ಪ ಕಲ್ಲವ್ವನನ್ನು ಬನವಾಸಿಗೆ ಕೊಡುವಾಗ ಹಾಗೆ ಮಾಡಿದ್ದ. ಸೊಸೆ ಅನ್ನಪೂರ್ಣಳ ಅಪ್ಪ ಶಿರಸಿಗೆ ಇವನ ಮನೆ ನೋಡಲು ಬಂದಾಗಲೂ ಉಣ್ಣದೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಹಾಗೇ ಎದ್ದು ಹೋಗಿದ್ದ, ಮತ್ತು ಆ ಮನುಷ್ಯನ ಬಿಗಿಯಾದ ಬೆನ್ನು ನೋಡಿ ಚಂದ್ರಶೇಖರಪ್ಪನಿಗೆ ಮೆಚ್ಚಿಗೆಯಾಗಿತ್ತು. ಒಂದು ಜಾಗ ಹೆಣ್ಣುಮಗಳಿಗೆ ತಕ್ಕದ್ದೋ ಅಲ್ಲವೋ ಎಂದು ತೂಗಲು ಅವನಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಮನೆತನದ ಹಿರಿಯ ಹೆಣ್ಣೆಂದು ಅಕ್ಕನನ್ನು ಬನವಾಸಿಯಿಂದ ಕರೆಸಿಕೊಂಡ. ಹೋಗಬೇಕಾದವಳನ್ನು ಮಾತ್ರ ಮನೆಯಲ್ಲಿ ಬಿಟ್ಟು ಹೋದ, ಯಾಕೆಂದರೆ ಮನೆ ನೋಡುವುದಕ್ಕೆ ಹುಡುಗಿಯನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ.

ಹೋಗಬೇಕಾದವಳು ಆ ಸೊಸೆ, ಅನ್ನಪೂರ್ಣ. ಮಗ ಶಿವಪುತ್ರ ತೀರಿದ ಮರುವರ್ಷ ಶಿರಸಿಯಲ್ಲಿ ಕಾಲೇಜು ತೆರೆಯಿತು, ಅವಳು ಸೇರಿದಳು. ಅವನ ಜವಳಿ ಅಂಗಡಿಯ ಮುಂದಿನಿಂದಲೇ ಪುಸ್ತಕ ಎದೆಗೊತ್ತಿಕೊಂಡು ಹೋಗಿ ಬರುತ್ತಿದ್ದಳು. ಅವಳಿಗೆ ಬೇಕಾದ ತತ್ತ್ವಶಾಸ್ತ್ರವನ್ನು ಮುಂದಿನ ವರ್ಷಗಳಿಗೆ ಇಲ್ಲಿ ಕಲಿಸುವುದಿಲ್ಲ. ಇಲ್ಲಿಂದ ಹೆಸರು ತೆಗೆಸಿ ಧಾರವಾಡದ ಯೂನಿವರ್ಸಿಟಿಗೆ ಹೋಗಬೇಕು, ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇರಬೇಕು. ಅಲ್ಲಿಯ ಬಾಳು ತನಗೆ ಹೊಂದುತ್ತದೆಯೇ ಎಂದು ಅವಳಿಗೇ ಅನುಮಾನ. “ನೀವು ನೋಡಿ ಬಂದು ಹೇಳಿದ ಹಂಗ, ಮಾವಾರ” ಅಂದಿದ್ದಳು. ಆ ಮಾತು ಅವನಿಗೆ ಹಿತವಾಗಿತ್ತು. ಒಂದು ದಿನ ಅವಳ ಪ್ರೊಫೆಸರರು ಧೋತರ ಕೊಳ್ಳಲು ಅಂಗಡಿಗೆ ಬಂದವರು, ನಿಮ್ಮ ಸೊಸೆ ಬರೆದ ಉತ್ತರವನ್ನು ಕ್ಲಾಸಿನಲ್ಲಿ ಓದಿ ತೋರಿಸಿದೆ ಎಂದು ಹೇಳಿದಾಗ ಅವನ ಕತ್ತರಿ ಸೊಟ್ಟಗೆ ಹೋಗಿತ್ತು. ನಲವತ್ತು ವರ್ಷ ಬಟ್ಟೆ ಹರಿದ ಕೈ. ಸೊಟ್ಟ ತುಂಡನ್ನು ಅವನು ಪಕ್ಕಕ್ಕಿಟ್ಟ, ಯಾರಿಗೂ ಮಾರಲಿಲ್ಲ.

“ಓಹೋ, ಸಾವಕಾರ್ರು! ಎಂತದು, ಅಕ್ಕನ್ನ ಕಟ್ಕೊಂಡು ಹೊರಟಿದ್ದು? ಎಲ್ಲಾದ್ರೂ ಸಂಬಂಧ ಕುದುರ್ಸ್ಲಿಕ್ಕೋ?”

ಮಂಚಿಕೇರಿಯ ದೇವರು ಭಟ್ಟರು. ಮದುವೆ ಮುಂಜಿ ಬಂದರೆ ಜವಳಿ ಇವನ ಅಂಗಡಿಯದೇ. ಬಾಯಿ ತುಂಬ ಎಲೆ ಅಡಿಕೆಯ ಕವಳ, ಬಗಲಲ್ಲಿ ಕೊಡೆ. ಚಂದ್ರಶೇಖರಪ್ಪ ರೊಟ್ಟಿಯನ್ನು ಅಕ್ಕನ ಮಡಿಲಿಗೆ ಹಾಕಿ ಎದ್ದು ನಿಂತ.

“ಅಲ್ರೀ ಭಟ್ರ. ನಮ್ಮ ಅನ್ನಪೂರ್ಣ ಧಾರವಾಡಕ್ಕ ಹೋಗೂದೈತಿ. ಯೂನಿವರ್ಸಿಟಿಗೆ.” ಆ ಶಬ್ದವನ್ನು ಅವನು ಹೊಸ ಬಟ್ಟೆಯ ಥಾನು ಬಿಚ್ಚುವಂತೆ ನಿಧಾನ ಬಿಚ್ಚಿದ. “ಹಾಸ್ಟೆಲ್ ನೋಡಿ ಬಂದ್ವಿ. ಉಳದ ಹುಡಿಗ್ಯಾರೆಲ್ಲಾ ಒಂದ್ ಖೋಲಿಗೆ ನಾಕ್ ನಾಕ್ ಮಂದಿ ಇರ್ತಾರ. ನಮ್ಮಕಿಗೆ ಮಾತ್ರ ಬ್ಯಾರೆ ಖೋಲಿ ಕೊಡ್ತೀವಂದ್ರು. ಊಟಾನೂ ಬ್ಯಾರೆ, ಎಲ್ಲಾರಕಿಂತ ಮುಂಚೆ.”

“ಅಡಿಗೆಮನೆ ಬದಿದೋ?”

“ಹೌದ್ರಿ. ನಿಮಗ ಹೆಂಗ ಗೊತ್ತಾತು?”

ಭಟ್ಟರು ಅತ್ತ ತಿರುಗಿ ಉಗುಳಿ ಬಂದರು. “ಅಂಥಾದ್ದೊಂದು ಎಲ್ಲಾ ಹಾಸ್ಟೆಲ್ಲಲ್ಲೂ ಇರ್ತು ಮಾರಾಯ್ರೆ. ಹುಬ್ಬಳ್ಳಿಲಿ ನಮ್ಮ ತಮ್ಮನ ಮಗಂಗೂ ಹಂಗೇ. ಮಡಿ ಹೇಳಿ ನಾವೇ ಕೇಳ್ಕೊಂಡು ಬೇರೆ ಕೂರ್ಸಿದ್ದು. ಸುರುವಿಗೆ ಭಾರೀ ಗೌರವ ಕಂಡ್ತು. ಆಮೇಲೆ ನೋಡಿದ್ರೆ ಅವನ ಹತ್ರ ಒಬ್ಬನೂ ಉಪ್ಪು ಸಹ ಕೇಳ್ತಿದ್ದಿಲ್ಲೆ. ದೀಪಾವಳಿಗೆ ಮನೆಗೆ ಬಂದಂವ ತಿರುಗಿ ಹೋಗ್ಲೇ ಇಲ್ಲೆ.” ಆಮೇಲೆ ಕೊಡೆಯ ತುದಿಯಿಂದ ನೆಲ ಕೆದಕುತ್ತ, ಸುಮ್ಮನೆ ತಿಳಿದುಕೊಳ್ಳುವವರ ಹಾಗೆ ಕೇಳಿದರು: “ಅಲ್ಲ, ನಿಮ್ಮಲ್ಲಿ ಆ ನಮೂನಿ ಮಡಿ ಎಲ್ಲ ಇಲ್ಲೆ ಅಲ್ದಾ? ನಿಮಗೆ ಎಂತಕ್ಕೆ ಕೊಟ್ರು ಅದನ್ನ?”

ಶಿರಸಿ ಬಸ್ಸು ಬಂತು. ಅವನು ಬುತ್ತಿಯ ಗಂಟು ಎತ್ತಿಕೊಂಡು ಅಕ್ಕನ ಜೊತೆ ಹತ್ತಿದ. ಭಟ್ಟರು ಮುಂದಿನ ಸೀಟಿನಲ್ಲಿ ಕೂತು ಕಂಡಕ್ಟರನ ಜೊತೆ ಬೇರೆ ಮಾತಿಗೆ ತೊಡಗಿದ್ದರು.

ಯಾಕೆ ಕೊಟ್ಟರು. ಕಿಟಕಿಯ ಸರಳಿಗೆ ಹಣೆ ತಾಗಿಸಿ ಅವನು ಇವತ್ತಿನ ಮಧ್ಯಾಹ್ನವನ್ನು ತಿರುಗಿಸಿ ನೋಡತೊಡಗಿದ, ಥಾನಿನ ಒಳಮಗ್ಗುಲಲ್ಲಿ ನೂಲು ಎಲ್ಲಿ ಕಡಿದಿದೆ ಎಂದು ಹುಡುಕುವಂತೆ. ಹಾಸ್ಟೆಲು ನೋಡಿಕೊಳ್ಳುವ ರೆಕ್ಟರ್ ಬಾಯಿ ಮೊದಮೊದಲು ನಗುನಗುತ್ತಲೇ ಇದ್ದಳು. ಕಲ್ಲವ್ವ ಬಾವಿಗೆ ಬಗ್ಗಿ ನೀರಿನ ಆಳ ನೋಡಿದಾಗ ನಕ್ಕಳು. ಅಡಿಗೆಯವಳ ಊರು ಕೇರಿ ವಿಚಾರಿಸಿ, “ನಿಮಗ ಮಕ್ಕಳೆಷ್ಟ್ರಿ ಬಾಯಾರ?” ಎಂದು ಕೇಳಿದಾಗಲೂ, “ಮದುವಿನ ಆಗಿಲ್ರೆಮ್ಮಾ, ಇಲ್ಲಿರೂ ಅರವತ್ತು ಮಂದಿನೂ ನನ್ನ ಮಕ್ಕಳs” ಎಂದು ಬಾಯಿ ತುಂಬ ನಕ್ಕಳು. ಪಡಸಾಲೆಯ ಪರದೆಯನ್ನು ಇವನು ಬೆರಳಿನ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದುದನ್ನು ಕಂಡು ಮೆಟ್ಟಿಲ ಮೇಲಿದ್ದ ಹುಡುಗಿಯರು ಕಿಸಕ್ಕೆಂದರು. ಅವನ ಕಿವಿ ಬಿಸಿಯಾಯಿತು, ಆದರೂ ಬೆರಳು ಬಿಡಲಿಲ್ಲ, ಅರಿವೆ ಒಳ್ಳೆಯದೇ ಇತ್ತು. ಆಮೇಲೆ ಗಂಟೆ ಬಡಿಯಿತು. “ಊಟದ ವ್ಯಾಳ್ಯಾ ಆಗೇದ. ಹುಡಿಗ್ಯಾರ ಸಾಲಿನ್ಯಾಗ ಕೂತು ಎರಡು ತುತ್ತು ಉಂಡು ಹೋಗ್ರಿ” ಅಂದಳು ರೆಕ್ಟರ್ ಬಾಯಿ. ತಾಟು ಬಂತು. ಬಿಸಿ ಜೋಳದ ರೊಟ್ಟಿಯ ಹಬೆ ಮುಖಕ್ಕೆ ಬಡಿಯಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ. “ಬ್ಯಾಡ್ರಿ ಬಾಯಾರ. ನಾವು ಇಲ್ಲಿ ಉಣ್ಣೂ ಪದ್ಧತಿ ಇಲ್ಲ.” ಅಷ್ಟೇ ಅಂದದ್ದು. ಯಾವ ಪದ್ಧತಿ ಎಂದು ಬಿಡಿಸಿ ಹೇಳುವ ಅಗತ್ಯವಿದೆ ಎಂದು ಹೊಳೆಯಲಿಲ್ಲ. ಮನೆ ನೋಡಲು ಬಂದವರು ಉಣ್ಣುವುದಿಲ್ಲ ಎಂಬುದು ತಿಳಿಯದ ಮನುಷ್ಯರು ಲೋಕದಲ್ಲಿ ಇದ್ದಾರೆಂದೇ ಅವನಿಗೆ ಗೊತ್ತಿರಲಿಲ್ಲ. ಎದುರಿನ ಸಾಲಿನ ಹುಡುಗಿಯರ ಕೈ ತುತ್ತಿನ ಸಮೇತ ನಿಂತಿತ್ತು. ಯಾರ ಯಾರ ಮಕ್ಕಳೋ, ಯಾವ ಯಾವ ಜಾತಿಯವರೋ, ಒಂದೇ ಸಾಲಿನಲ್ಲಿ ಕೂತಿದ್ದರು. ರೆಕ್ಟರ್ ಬಾಯಿಯ ಮುಖದಿಂದ ನಗೆ ಹೋಯಿತು. “ಪದ್ಧತಿ ತಿಳೀತ್ರಿ” ಅಂದಳು. ಅದಾದ ಮೇಲೆಯೇ ಅಡಿಗೆಮನೆಯ ಬದಿಯ ಖೋಲಿಯ ಕೀಲಿ ತರಿಸಿದ್ದು. “ನಿಮ್ಮ ಸೊಸಿ ಇಲ್ಲಿರ್ಲಿ. ಅವರಿಗೂ ಅನುಕೂಲ, ಉಳಿದವರಿಗೂ ಅನುಕೂಲ.”

ಅವನು ಕೈ ಮುಗಿದಿದ್ದ. ಎರಡು ಸಲ ಮುಗಿದಿದ್ದ. ಗಂಡನನ್ನು ಕಳೆದುಕೊಂಡ ಹುಡುಗಿಗೆ ಮರ್ಯಾದೆಯಿಂದ ಒಂದು ಮೂಲೆ ಕೊಟ್ಟರಲ್ಲ ಎಂದು ಅವನ ಕಣ್ಣು ಕೂಡ ಹಸಿಯಾಗಿತ್ತು. ಉಳಿದವರಿಗೂ ಅನುಕೂಲ. ಬಸ್ಸು ಮಂಚಿಕೇರಿಯಲ್ಲಿ ನಿಂತು ಭಟ್ಟರು ಇಳಿದು ಕೊಡೆ ಎತ್ತಿ ತೋರಿಸಿದಾಗ ಅವನು ತಲೆಯಾಡಿಸಿದ, ಆದರೆ ಆಗ ಅವನು ಆ ಖೋಲಿಯೊಳಗಿದ್ದ. ಜಾಲರಿ ಹೊಡೆದ ಒಂದೇ ಕಿಟಕಿ, ಅದರಾಚೆ ಕಟ್ಟಿಗೆಯ ರಾಶಿ. ಅಲ್ಲಿ ಕೂತು ಅನ್ನಪೂರ್ಣ ಎಲ್ಲರಿಗಿಂತ ಮುಂಚೆ ಉಣ್ಣುತ್ತಾಳೆ. ಪಕ್ಕದ ದೊಡ್ಡ ಕೋಣೆಯಲ್ಲಿ ಅರವತ್ತು ತಾಟುಗಳ ಸಪ್ಪಳ. ತಮ್ಮ ಜೊತೆ ಉಣ್ಣಲೊಪ್ಪದ ಮನೆಯವಳು ಎಂದು ಹುಡುಗಿಯರು ಅವಳ ಬಾಗಿಲ ಮುಂದೆ ದನಿ ತಗ್ಗಿಸಿ ದಾಟುತ್ತಾರೆ. ಅವಳಿಗೆ ಕಾರಣ ತಿಳಿಯುವುದಿಲ್ಲ. ತನ್ನ ಬೋಳು ಹಣೆಯೇ ಕಾರಣವೆಂದು ತಿಳಿಯುತ್ತಾಳೆ.

“ಯಕ್ಕಾ,” ಅಂದ, “ನಾವು ಉಣಬೇಕಾಗಿತ್ತು.”

“ನಾ ಹಂಗs ಅನ್ಕೊಂಡೆ. ರೊಟ್ಟಿ ಛಲೋ ಬಡದಿದ್ರು.” ಕಲ್ಲವ್ವನ ಕಣ್ಣು ಮುಚ್ಚಿಯೇ ಇತ್ತು. “ಆದ್ರ ಈಗ ಆಗಿದ್ದು ಒಳ್ಳೇದs ಆತು ಬಿಡು. ಆ ಸಾಲಿನ್ಯಾಗ ಅಕಿನ್ನ ಕೂಡಸ್ತೀಯೇನು? ಹೂ ಮುಡಕೊಂಡು ಕುಣಿಯೂ ಹುಡಿಗ್ಯಾರ ನಡು? ನಕ್ಕು ಸಾಯಸ್ತಾರ ಅಕಿನ್ನ.”

ಹೌದು ಎನ್ನುವುದು ಸುಲಭವಿತ್ತು. ಹೌದು ಎಂದರೆ ಅವನ ತಪ್ಪು ತಪ್ಪಾಗಿ ಉಳಿಯುತ್ತಿರಲಿಲ್ಲ, ದೂರದ ಆಲೋಚನೆಯಾಗುತ್ತಿತ್ತು. ಮನೆಗೆ ಹೋಗಿ, ಜಾಗ ಚೆನ್ನಾಗಿದೆ, ನಿನಗಾಗಿಯೇ ಒಂದು ಖೋಲಿ ತೆಗೆದಿಟ್ಟಿದ್ದಾರೆ ಎಂದು ಹೇಳಿದರೆ ಅವಳು ತಲೆ ಬಗ್ಗಿಸಿ, ಹೂಂ ಮಾವಾರ, ಎನ್ನುವವಳೇ. ಶಿರಸಿ ಹತ್ತಿರವಾದಂತೆ ಆ ಮಾತನ್ನು ಅವನು ಬಾಯೊಳಗೆ ಹೊರಳಿಸಿ ನೋಡಿದ. ಅಂಗಡಿಯಲ್ಲಿ ಬಣ್ಣ ನಿಲ್ಲದ ಅರಿವೆಯನ್ನು ನಿಲ್ಲುತ್ತದೆ ಎಂದು ಹೇಳಿ ಕೊಟ್ಟವನಲ್ಲ ಅವನು. ಹಾಗೆಂದು ಊರೆಲ್ಲ ಹೇಳುತ್ತದೆ, ಅವನೂ ಹೇಳಿಕೊಳ್ಳುತ್ತಾನೆ.

ಮನೆಯಲ್ಲಿ ಅನ್ನಪೂರ್ಣ ದೀಪ ಹಚ್ಚಿ ಹಂಡೆಯಲ್ಲಿ ನೀರು ಕಾಯಿಸಿಟ್ಟಿದ್ದಳು. ಕಾಲು ತೊಳೆದು ಬಂದ ಕಲ್ಲವ್ವ ಕಂಬಕ್ಕೆ ಒರಗಿ ವರದಿ ಶುರು ಮಾಡಿದಳು. ಬಾವಿಯ ನೀರು ಸಿಹಿ. ಅಡಿಗೆಯವಳು ಚೊಕ್ಕ ಕೈಯ ಹೆಂಗಸು. ಕಾಂಪೌಂಡು ಎತ್ತರ, ಮೇಲೆ ಗಾಜಿನ ಚೂರು. ಸಂಜೆ ದೀಪ ಹಚ್ಚುವ ಮುಂಚೆ ಎಲ್ಲರೂ ಒಳಗಿರಬೇಕು. ಅನ್ನಪೂರ್ಣ ಸೆರಗಿನ ತುದಿಯನ್ನು ಮಡಿಸುತ್ತ ಬಿಚ್ಚುತ್ತ ಕೇಳುತ್ತಿದ್ದಳು. ಖೋಲಿಯ ಮಾತು ಬರುವ ಹೊತ್ತಿಗೆ ಚಂದ್ರಶೇಖರಪ್ಪ, “ತಡಿ ಅಕ್ಕಾ” ಎಂದು ತಡೆದ, ಮತ್ತು ತಾನೇ ಹೇಳಿದ. ತಾಟು, ಹಿಂದೆಗೆದ ಕೈ, ರೆಕ್ಟರ್ ಬಾಯಿಯ ಮುಖ, ಕೀಲಿ, ತಾನು ಮುಗಿದ ಕೈ. ಏನನ್ನೂ ಬಿಡಲಿಲ್ಲ. “ಅವರು ನಾವು ಜಾತಿ ನೋಡಿ ಉಣಲಿಲ್ಲಂತ ತಿಳದಾರ. ತಪ್ಪು ನಂದು, ಬಂದಿದ್ದು ನಿನ್ನ ತಾಟಿಗೆ” ಎಂದು ನಿಲ್ಲಿಸಿದ.

ಅವಳು ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಮಾವಾರ, ನೀವು ಹೋದಾಗ ಹುಡಿಗ್ಯಾರು ಏನ ಮಾಡಾಕ ಹತ್ತಿದ್ರು?” ಎಂದು ಕೇಳಿದಳು.

“ಏನ ಮಾಡ್ತಾರ. ಕೂತಿದ್ರು, ನಿಂತಿದ್ರು.”

“ಓದತಿದ್ರನು?”

ಅವನು ನೆನಪು ಮಾಡಿಕೊಂಡ. ಲೆಕ್ಕಕ್ಕಿಲ್ಲವೆಂದು ಬಿಟ್ಟು ಬಂದಿದ್ದೆಲ್ಲ ಈಗ ಒಂದೊಂದಾಗಿ ಬಂತು. ಒಬ್ಬಳು ತೋಯ್ದ ಕೂದಲು ಬೆನ್ನ ಮೇಲೆ ಹರಡಿಕೊಂಡು ಪಡಸಾಲೆಯ ಉದ್ದಕ್ಕೂ ತಿರುಗಾಡುತ್ತ ಓದುತ್ತಿದ್ದಳು, ಎದುರು ಬಂದವರನ್ನು ನೋಡದೆ ಕಲ್ಲವ್ವನಿಗೇ ಡಿಕ್ಕಿ ಹೊಡೆದಳು. ಒಬ್ಬಳು ಬೆಂಚಿನ ಮೇಲೆ ಹತ್ತಿ ನಿಂತು ಇಂಗ್ಲಿಷಿನಲ್ಲಿ ಭಾಷಣ ಮಾಡುತ್ತಿದ್ದಳು. ಚರ್ಚಾಸ್ಪರ್ಧೆಯೋ ಏನೋ ಇತ್ತಂತೆ. ಅವಳು ಏನು ಅಂದಳೋ ಅವನಿಗೆ ತಿಳಿಯಲಿಲ್ಲ, ಆದರೆ ಗಿರಾಕಿ ಬೇಡವೆಂದು ಸೀರೆ ಸರಿಸುವಾಗಿನಂತೆ ಕೈಯನ್ನು ಹೀಗೆ ಆಚೆ ನೂಕುತ್ತಿದ್ದಳು.

“ಉಳದವರು ಸುಮ್ನ ಕೇಳತಿದ್ರನು?”

“ಎಲ್ಲೀದು! ಊಟಕ್ಕಂತ ತಾಟು ಕೈಯಾಗ ಇದ್ವಲ್ಲ, ಅವನ್ನ ಬಡದ್ರು. ಕೆಳಗಿಳಿ, ತಪ್ಪು ತಪ್ಪು ಅಂತ ಒದರಿದ್ರು. ಗಿಡದ ಬುಡಕ ಒಬ್ಬಾಕಿ ಒಬ್ಬಾಕೀನ ಕೂತಿದ್ಲು, ಯಾರ ಗೊಡವಿಗೂ ಇರಲಿಲ್ಲ. ಅಕಿನೂ ಎದ್ದು ಬಂದು ಏನೋ ಒಂದ ಮಾತು ಅಂದ್ಲು. ಆ ಬಾಕಿನ ಮ್ಯಾಲಿನಾಕಿ ಮಾರಿ ಸಣ್ಣದಾತು.”

“ಆಮ್ಯಾಲೆ?”

“ಆಮ್ಯಾಲೇನು, ಇಬ್ರೂ ಕೂಡಿ ಬಾಜೂಕ ಕೂತು ಉಂಡ್ರು.”

ಅನ್ನಪೂರ್ಣಳ ಬೆರಳು ಸೆರಗಿನ ಮೇಲೆ ನಿಂತಿತ್ತು. “ಇಲ್ಲೆ ಕಾಲೇಜಿನ್ಯಾಗ ಎಲ್ಲಾರೂ ನನ್ನ ಅಕ್ಕಾರ ಅಂತಾರ ಮಾವಾರ, ನನಗಿಂತ ದೊಡ್ಡವರೂ. ಕ್ಲಾಸಿನ್ಯಾಗ ನಾ ಏನರ ಅಂದ್ರ ಹುಡುಗರು ಹೌದ್ರಿ ಅಂತಾರ. ಹ್ವಾದ ವಾರ ಬೇಕಂತನ ಸುಳ್ಳ ಒಂದ ವಾದ ಹೂಡಿದೆ, ತೀರಾ ಮಳ್ಳ ವಾದ. ಅದಕ್ಕೂ ಹೌದ್ರಿ ಅಂದ್ರು. ಪ್ರೊಫೆಸರರೂ ಹೌದು ಅಂದ್ರು.” ಅವಳು ತಲೆ ಎತ್ತಿದಳು. “ನನ್ನ ಉತ್ತರ ಓದಿ ತೋರ್ಸಿದ್ರಲ್ಲ, ಅದು ಛಲೋ ಇತ್ತೋ, ನನ್ನ ನೋಡಿ ಅಯ್ಯೋ ಅನ್ಸಿತ್ತೋ, ನನಗಿನ್ನೂ ಗೊತ್ತಿಲ್ಲ. ಅದು ಗೊತ್ತಾಗೂ ಜಾಗಾಕ್ಕ ಹೋಗಬೇಕು ನಾನು. ಆ ತಾಟು ಬಡಿಯೂ ಸಾಲಿನ್ಯಾಗs ಕೂಡಬೇಕು. ಖೋಲಿ ಬ್ಯಾಡ್ರಿ. ನಾಕ್ ಮಂದಿ ಇರೂ ಖೋಲಿ ಆಗ್ಬೇಕು.”

“ನಗತಾರ ತಂಗಿ,” ಎಂದಳು ಕಲ್ಲವ್ವ. ಈ ಸಲ ಅವಳ ದನಿಯಲ್ಲಿ ಮೊನಚಿರಲಿಲ್ಲ.

“ನಗಲಿ ಬಿಡ್ರಿ ಅತ್ತೀ. ಈ ಮನ್ಯಾಗ ನನ್ನ ಮುಂದ ಯಾರರ ನಕ್ಕು ಎಷ್ಟು ದಿವಸಾತು?”

ಚಂದ್ರಶೇಖರಪ್ಪ ಗೋಡೆಯ ಕಡೆ ನೋಡಿದ. ಪಡಸಾಲೆಗೆ ಅವಳು ಬಂದಾಗ ತಾನು ನಗೆಯನ್ನು ನುಂಗಿದ್ದು, ನೆರೆಯವರಿಗೆ ಕಣ್ಣಲ್ಲೇ ಸನ್ನೆ ಮಾಡಿ ನುಂಗಿಸಿದ್ದು, ಅದನ್ನೆಲ್ಲ ಅವಳು ಕಂಡಿದ್ದಳು.

“ನಾಡದು ನಾ ಮತ್ತ ಹೋಗಿ ಬಾಯಾರಿಗೆ ತಿಳಿಸಿ ಹೇಳಿ ಬರ್ತೀನಿ” ಅಂದ.

“ನಾನೂ ಬರ್ತೀನ್ರಿ. ನಾನs ಹೇಳ್ತೀನಿ, ನೀವು ಸುಮ್ನ ಇರ್ರಿ.”

“ಯವ್ವಾ!” ಕಲ್ಲವ್ವ ಕಂಬ ಬಿಟ್ಟು ಎದ್ದು ಕೂತಳು. “ಕೊಡೂ ಹುಡುಗಿ ತಾನs ಮನಿ ನೋಡಾಕ ಹೋಗೂದು ಎಲ್ಲೆರ ಕೇಳೀಯೇನೋ ತಮ್ಮಾ?”

“ಯಾರಿಗೂ ಕೊಡಾಕ ಹತ್ತಿಲ್ಲಕ್ಕಾ,” ಅಂದ ಅವನು. “ಅಕಿನs ಹೊಂಟಾಳ.” ಹೇಳಿದ ಮೇಲೆ ಆ ಮಾತಿನ ತೂಕ ಅವನಿಗೇ ತಿಳಿದು, ಬೆನ್ನು ತಾನಾಗಿ ನೆಟ್ಟಗಾಯಿತು. ಸುಮ್ಮನಿರು ಎಂದು ಈ ಮನೆಯಲ್ಲಿ ಅವನಿಗೆ ಯಾರೂ ಅಂದಿರಲಿಲ್ಲ, ಸತ್ತ ಮಗ ಕೂಡ.

ಅನ್ನಪೂರ್ಣ ತಾಟು ಹಾಕಲು ಎದ್ದಳು. ಒಳಗಿನಿಂದಲೇ, “ಹುಬ್ಬಳ್ಳಿ ಮ್ಯಾಲೆ ಹೋಗೂಣ್ರಿ ಮಾವಾರ, ಲಗೂ ಮುಟ್ತೀವಿ” ಅಂದಳು.

ಹೂಂ, ಹಂಗs ಆಗ್ಲಿ ಎಂಬ ಮಾತು ತುಟಿಗೆ ಬಂದಿತ್ತು. ಮಗ ಹೋದಾಗಿನಿಂದ ಅವಳು ಏನೇ ಅಂದರೂ, ಬೇಳೆಯಿಂದ ಹಿಡಿದು ಪುಸ್ತಕದವರೆಗೆ, ಅದೇ ಮಾತು ಬರುತ್ತಿತ್ತು. ಅದನ್ನು ಅವನು ಪ್ರೀತಿ ಎಂದುಕೊಂಡಿದ್ದ. ಕಾಲೇಜಿನ ಹುಡುಗರಿಗೂ ತನಗೂ ಏನು ವ್ಯತ್ಯಾಸ. ಅವನು ತುಟಿ ಬಿಗಿದ.

“ತಪ್ಪು,” ಅಂದ.

ಒಳಗೆ ತಾಟಿನ ಸಪ್ಪಳ ನಿಂತಿತು. ಅವಳು ಬಾಗಿಲಿಗೆ ಬಂದಳು. “ಏನಂದ್ರಿ?”

“ನಿಂದು ತಪ್ಪು ಅಂದೆ. ಹುಬ್ಬಳ್ಳಿ ಮ್ಯಾಲೆ ಸುತ್ತಾಗ್ತೈತಿ. ಕಲಘಟಗಿಯಿಂದ ಸೀದಾ ಧಾರವಾಡ.”

“ಸೀದಾ ಬಸ್ಸು ಎಷ್ಟದಾವು ಹೇಳ್ರಿ? ಯಲ್ಲಾಪುರದಾಗ ಎಷ್ಟ ಹೊತ್ತು ಕೂತಿದ್ರಿ ಇವತ್ತು?”

“ಕೂತರೇನಾತು? ರಸ್ತೆ ಸಮೀಪ.”

“ರಸ್ತೆ ಸಮೀಪ ಇದ್ರ ಏನ ಬಂತ್ರಿ, ಬಸ್ಸು ಬರಬೇಕಲ್ಲ? ನೀವು ಮೈಲು ಎಣಸಾಕ ಹತ್ತೀರಿ, ನಾ ಹೊತ್ತು ಎಣಸಾಕ ಹತ್ತೀನಿ. ಎರಡೂ ಒಂದs ಏನ್ರಿ?” ಅವಳ ದನಿ ಏರಿತ್ತು. ಕೈಯಲ್ಲಿ ಖಾಲಿ ತಾಟು. ಕಲ್ಲವ್ವ ಬಾಯಿ ತೆರೆದುಕೊಂಡು ಒಮ್ಮೆ ಇವನನ್ನು ಒಮ್ಮೆ ಅವಳನ್ನು ನೋಡುತ್ತಿದ್ದಳು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಸಾವಕಾರರ ಮನೆಯಲ್ಲಿ ಜಗಳವೇ ಎಂದು ನಿಂತರು.

ತಾನು ಸೋತದ್ದು ಚಂದ್ರಶೇಖರಪ್ಪನಿಗೆ ಗೊತ್ತಾಯಿತು. ಗೊತ್ತಾದರೂ ಮೀಸೆ ತಿರುವುತ್ತ, ಬೀದಿಗೆಲ್ಲ ಕೇಳುವಂತೆ, ಸೋತ ವಾದವನ್ನು ಇನ್ನೂ ಸ್ವಲ್ಪ ಹೊತ್ತು ಬಿಡದೆ ಎಳೆದ.